ದಿನವೂ ಲಾಭ ಬಂದ ಖಾತೆ

ಜೂನ್ ಹದಿನಾರು, ಸೋಮವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಚಂದ್ರಾ ಲೇಔಟಿನ ನಿವೃತ್ತ ಗಣಿತ ಶಿಕ್ಷಕಿ ಸತ್ಯವತಿ ಒಬ್ಬರೇ ಆಟೊದಲ್ಲಿ ಬಂದು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ವಯಸ್ಸು ಅರವತ್ತೇಳು, ಮೊಣಕಾಲು ನೋವು. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಕೈಕೊಡಲು ಬಂದರೆ ಬೇಡವೆಂದು ಗೋಡೆ ಹಿಡಿದುಕೊಂಡೇ ಒಳಗೆ ಬಂದರು. ದೂರು ಬರೆದುಕೊಡಿ ಎಂದು ಎಎಸ್‌ಐ ಕಾಗದ ಮುಂದಿಟ್ಟರು.

"ಬರೀತೀನಿ. ಮೊದಲು ಇನ್‌ಸ್ಪೆಕ್ಟರ್‌ಗೆ ಹೇಳ್ಬೇಕು. ಬರೆದ ಮೇಲೆ ನನಗೆ ಮನೆಗೆ ಹೋಗೋಕೆ ಮುಖ ಇರಲ್ಲ," ಎಂದರು ಆಕೆ.

ಇನ್‌ಸ್ಪೆಕ್ಟರ್ ಕೆಂಚಪ್ಪ ತಾವರೆಕೆರೆ ಕಡೆಯ ರೈತರ ಮನೆಯವರು. ಜನ ಅವಸರದಲ್ಲಿ ಹೇಳಿದ್ದನ್ನು ಅವಸರದಲ್ಲಿ ಕೇಳಿಸಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಫ್ಯಾನಿನ ಕೆಳಗಿದ್ದ ಕುರ್ಚಿ ತೋರಿಸಿ, ನೀರು ತರಿಸಿ, ಆಕೆ ಲೋಟ ಕೆಳಗಿಡುವವರೆಗೂ ಕಾದರು.

"ಈಗ ಹೇಳಿಮ್ಮ."

"ನನ್ನ ದುಡ್ಡು ಕಳುವಾಗಿದೆ. ಹನ್ನೆರಡು ಲಕ್ಷದ ಎಂಬತ್ತಾರು ಸಾವಿರ."

"ಬೀಗ ಒಡೆದಿದ್ರಾ?"

"ಬೀಗ ಒಡೆಯೋ ಕಳ್ಳತನ ಅಲ್ಲ. ಒಳಗಿದ್ಕೊಂಡೇ ತಗೊಂಡಿರೋದು."

"ಯಾರ ಮೇಲಾದ್ರೂ ಅನುಮಾನ ಇದೆಯಾ?"

ಸತ್ಯವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನನ್ನ ಸೊಸೆ. ದೀಪ್ತಿ."

ಆಕೆ ಹೇಳಿದ್ದನ್ನು ಕೆಂಚಪ್ಪ ತಾವೇ ಬರೆದುಕೊಂಡರು. ಗಂಡ ತೀರಿಕೊಂಡ ಮೇಲೆ ಬಂದ ಹಣ, ತಮ್ಮ ನಿವೃತ್ತಿಯ ಹಣ, ಎರಡೂ ಸೇರಿ ಹದಿನೆಂಟು ಲಕ್ಷ. ಕಳೆದ ಜುಲೈಯಲ್ಲಿ ಅದನ್ನು ಷೇರು ವ್ಯಾಪಾರದ ಖಾತೆಗೆ ಹಾಕಿದ್ದರು. ಖಾತೆ ಮಾಡಿಸಿಕೊಟ್ಟವನು ನಾಗಭೂಷಣ್, ಆಕೆಯ ಹಳೆಯ ವಿದ್ಯಾರ್ಥಿ. ಸುಂಕದಕಟ್ಟೆಯ ಮಾಗಡಿ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಆಫೀಸು. ದೊಡ್ಡ ಬ್ರೋಕರ್ ಕಂಪನಿಯೊಂದರ ಏಜೆಂಟ್. ವ್ಯಾಪಾರವನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ. ದಿನ ಸಂಜೆ ವಾಟ್ಸಾಪಿನಲ್ಲಿ ಸಂದೇಶ ಕಳಿಸುತ್ತಾನೆ: ಮಿಸ್, ಇವತ್ತು ಲಾಭ ಇಷ್ಟು. ಅಪರೂಪಕ್ಕೆ ಒಂದು ದಿನ: ಮಿಸ್, ಇವತ್ತು ಸ್ವಲ್ಪ ನಷ್ಟ.

"ಎಲ್ಲ ಕೂಡಿ ಕಳೆದಿದೀನಿ. ತೊಂಬತ್ತಾರು ಸಾವಿರ ಲಾಭ ನಿಲ್ಲತ್ತೆ. ಹದಿನೆಂಟು ಲಕ್ಷದ ತೊಂಬತ್ತಾರು ಸಾವಿರ ಇರ್ಬೇಕು. ನಿನ್ನೆ ಮಗನ ಕೈಲಿ ತೆಗೆಸಿ ನೋಡಿದ್ರೆ ಆರು ಲಕ್ಷದ ಹತ್ತು ಸಾವಿರ."

"ನಾಗಭೂಷಣ್‌ನ ಕೇಳಿದ್ರಾ?"

"ಕೇಳದೆ ಇರ್ತೀನಾ? ಪಾಪ, ಅವನೇ ಗಾಬರಿಯಾದ. 'ಮಿಸ್, ನಿಮ್ಮ ಫೋನು ಮನೇಲಿ ಯಾರ ಕೈಲಿರತ್ತೆ' ಅಂದ. ಆಗ ನನಗೆ ಹೊಳೀತು."

ಹೊಳೆದದ್ದು ಇಷ್ಟು. ಖಾತೆ ತೆರೆಯಲು ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸತ್ಯವತಿಯವರ ಫೋನಿಗೆ ಓಟಿಪಿ ಬರುತ್ತದೆ. ಅದನ್ನು ನಾಗಭೂಷಣನಿಗೆ ಹೇಳಬೇಕು. ಆ ಹೊತ್ತಿನಲ್ಲಿ ಸತ್ಯವತಿ ಮಡಿಯುಟ್ಟು ದೇವರ ಮನೆಯಲ್ಲಿರುತ್ತಾರೆ. ಎಲ್ಲೆಲ್ಲೋ ಇಟ್ಟ ಫೋನನ್ನು ಮಡಿಯಲ್ಲಿ ಮುಟ್ಟುವಂತಿಲ್ಲ. ಹಾಗಾಗಿ ಅಡುಗೆ ಮನೆಯಿಂದ ಬಂದು ಫೋನ್ ಎತ್ತಿ ಓಟಿಪಿ ಓದಿ ಹೇಳುವುದು ದೀಪ್ತಿಯ ಕೆಲಸ.

"ಸೊಸೆ ಮೇಲೆ ಬೇರೆ ಏನಾದ್ರೂ?"

"ಎರಡು ತಿಂಗಳ ಹಿಂದೆ ಸ್ಕೂಟರ್ ತಗೊಂಡ್ಲು. ನನ್ನ ಮಗ ಕೊಡಿಸಿಲ್ಲ. ಮಧ್ಯಾಹ್ನ ಹೊರಟ್ರೆ ಸಂಜೆಗೆ ಬರ್ತಾಳೆ. ಎಲ್ಲಿಗಮ್ಮಾ ಅಂದ್ರೆ ಫ್ರೆಂಡ್ ಮನೆ ಅಂತಾಳೆ."

"ಮಗ ಏನಂತಾರೆ?"

"ಶ್ರೀರಾಮ? ಅವನು ಏನೂ ಅನ್ನಲ್ಲ. ಪೀಣ್ಯಕ್ಕೆ ಹೋಗ್ತಾನೆ, ಬರ್ತಾನೆ, ಊಟ ಮಾಡ್ತಾನೆ. ಸೊಸೆ ಮೇಲಿನ ಆಪಾದನೆ ನಿಜವಾದ್ರೆ ಅವಳನ್ನ ತೌರಿಗೆ ಕಳಿಸು ಅಂದಿದೀನಿ. ಅದಕ್ಕೂ ತಲೆ ಆಡಿಸಿದ."

ವಂಚನೆ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಸೊಸೆಯ ಹೆಸರು ಬರೆಯುತ್ತಾರೆಂದು ಸತ್ಯವತಿ ಕಾದರು. ಕೆಂಚಪ್ಪ 'ಅಪರಿಚಿತ' ಎಂದು ಬರೆಸಿದರು.

ಅದೇ ಸಂಜೆ ಮಹಿಳಾ ಕಾನ್‌ಸ್ಟೇಬಲ್ ಕವನಾ ಜೊತೆ ಅವರು ಚಂದ್ರಾ ಲೇಔಟಿಗೆ ಹೋದರು. ದೀಪ್ತಿಗೆ ಮೂವತ್ತೊಂದು ವರ್ಷ. ಪೊಲೀಸರನ್ನು ಕಂಡು ಅವಳು ಅಳಲಿಲ್ಲ, ಕುಳಿತುಕೊಳ್ಳಲೂ ಇಲ್ಲ.

"ಓಟಿಪಿ ದಿನಾ ನೀವೇ ಹೇಳೋದಾ?"

"ಹೌದು."

"ಯಾರಿಗೆ?"

"ನಾಗಭೂಷಣ್ ಅವರಿಗೆ. ಅವರೇ ಫೋನ್ ಮಾಡೋದು."

"ಬೇರೆ ಯಾರಿಗಾದ್ರೂ ಹೇಳಿದೀರಾ?"

"ಇಲ್ಲ."

"ಸ್ಕೂಟರ್‌ಗೆ ದುಡ್ಡು ಎಲ್ಲಿಂದ ಬಂತು?"

ದೀಪ್ತಿ ದೇವರ ಮನೆಯ ಕಡೆ ನೋಡಿದಳು. ಬಾಗಿಲ ಹಿಂದೆ ಸತ್ಯವತಿಯ ಸೀರೆಯಂಚು ಕಾಣುತ್ತಿತ್ತು. "ನನ್ನದೇ ದುಡ್ಡು."

"ನೀವು ಕೆಲಸಕ್ಕೆ ಹೋಗಲ್ಲ. ನಿಮ್ಮ ದುಡ್ಡು ಅಂದ್ರೆ?"

"ಇಲ್ಲಿ ಹೇಳಲ್ಲ."

ಮರುದಿನ ಬಂದ ಬ್ಯಾಂಕ್ ವಿವರ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು. ದೀಪ್ತಿಯ ಹೆಸರಿನಲ್ಲಿ ಗಂಡನಿಗೂ ಗೊತ್ತಿಲ್ಲದ ಉಳಿತಾಯ ಖಾತೆಯೊಂದಿತ್ತು. ಒಂದು ವರ್ಷದಲ್ಲಿ ಅದಕ್ಕೆ ಸಣ್ಣ ಸಣ್ಣ ಮೊತ್ತವಾಗಿ ಒಂದೂ ಮುಕ್ಕಾಲು ಲಕ್ಷ ಜಮೆಯಾಗಿತ್ತು.

"ಸಾರ್, ಕೇಸ್ ಮುಗೀತು ಅನ್ಸತ್ತೆ," ಎಂದ ಹೆಡ್ ಕಾನ್‌ಸ್ಟೇಬಲ್ ಬಸವಕಿರಣ್.

"ಹನ್ನೆರಡು ಲಕ್ಷ ಹೊಡೆದವಳು ಮುನ್ನೂರು, ಐನೂರು ಅಂತ ಕಟ್ತಾಳಾ ಬಸವಣ್ಣ?" ಎಂದಳು ಕವನಾ. "ನಿಮ್ಮ ಮನೇಲಿ ನಿಮ್ಮ ಜೇಬಿಂದ ಹೋಗೋದು ಹಂಗೆ."

"ನನ್ನ ಜೇಬಲ್ಲಿ ಮುನ್ನೂರು ಎಲ್ಲಿರತ್ತೆ ಮೇಡಂ, ಸುಮ್ನಿರಿ."

ಕೆಂಚಪ್ಪ ನಗಲಿಲ್ಲ. ಮಧ್ಯಾಹ್ನ ದೀಪ್ತಿಯ ಸ್ಕೂಟರಿನ ಹಿಂದೆ ಹೋಗುವಂತೆ ಕವನಾಗೆ ಹೇಳಿದರು.

ಅಂದೇ, ಹದಿನೇಳರಂದು, ಯಾರೂ ಕರೆಯದೆ ನಾಗಭೂಷಣ್ ಠಾಣೆಗೆ ಬಂದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಹಣೆಯ ಮೇಲೆ ಕುಂಕುಮ. ಮಿಸ್‌ಗೆ ಆದ ಅನ್ಯಾಯ ಕೇಳಿ ನಿದ್ದೆ ಬಂದಿಲ್ಲ ಎಂದ. ವಾಟ್ಸಾಪ್ ಸಂದೇಶಗಳನ್ನೆಲ್ಲ ತಾನೇ ಮುದ್ರಿಸಿ ತಂದಿದ್ದ.

"ಈ ಲಾಭ ಎಲ್ಲ ನಿಜಾನಾ?"

"ನೂರಕ್ಕೆ ನೂರು ನಿಜ ಸಾರ್. ಚೆಕ್ ಮಾಡಿಸ್ಕೊಳ್ಳಿ."

"ಹಾಗಾದ್ರೆ ದುಡ್ಡು ಎಲ್ಲಿ ಹೋಯ್ತು?"

"ನಾನು ಯಾರ ಮೇಲೂ ಹೇಳಲ್ಲ ಸಾರ್. ಅವರ ಮನೆ ವಿಷಯ. ಆದ್ರೆ ಓಟಿಪಿ ಅನ್ನೋದು ಬೀಗದ ಕೈ ಇದ್ದ ಹಾಗೆ. ಯಾರ ಕೈಲಿತ್ತೋ ಅವರನ್ನೇ ಕೇಳ್ಬೇಕು."

"ಸೊಸೆ ಕೈಲಿತ್ತು."

"ನೀವು ಹೇಳಿದ್ದು, ನಾನಲ್ಲ," ಎಂದ ನಾಗಭೂಷಣ್, ಕೈಮುಗಿಯುತ್ತ.

ಅವನು ಹೋದ ಮೇಲೂ ಅವನ ಸೆಂಟಿನ ವಾಸನೆ ಕೋಣೆಯಲ್ಲಿ ಉಳಿದಿತ್ತು. ಕೆಂಚಪ್ಪ ದೀಪ್ತಿಗೆ ಫೋನ್ ಮಾಡಿದರು.

"ಇವತ್ತು ಬೆಳಿಗ್ಗೆ ಓಟಿಪಿ ಕೇಳಿದ್ರಾ?"

"ಕೇಳಿದ್ರು. ಹೇಳ್ದೆ. ಯಾಕೆ, ಹೇಳ್ಬಾರ್ದಿತ್ತಾ?"

"ಯಾರಿಗೂ ತಿಳಿಸ್ಬೇಡಿ. ನಾನು ಹೇಳೋವರೆಗೂ ಕೇಳಿದ್ರೆ ಕೊಡಿ."

ಕೆಂಚಪ್ಪ ಎದ್ದು ಕಿಟಕಿ ತೆರೆದರು. ಮನೆಯೊಳಗಿನ ಕೈಯೇ ಕಳ್ಳ ಕೈ ಎಂದು ತೋರಿಸಿದವನು, ದೂರು ಕೊಟ್ಟ ಮಾರನೆಯ ಬೆಳಿಗ್ಗೆ ಅದೇ ಕೈಯಿಂದ ಬೀಗದ ಕೈ ಇಸಿದುಕೊಂಡಿದ್ದ. ಅವನಿಗೆ ಆ ಹೆಣ್ಣುಮಗಳ ಮೇಲೆ ಒಂದಿಷ್ಟೂ ಅನುಮಾನವಿಲ್ಲ. ಅನುಮಾನವಿಲ್ಲದ ಮೇಲೆ ಅದನ್ನು ಬಿತ್ತಿದ್ದೇಕೆ?

ಸಂಜೆ ಕವನಾ ಬಂದಳು. "ಸಾರ್, ವಿಜಯನಗರದಲ್ಲಿ ಒಂದು ಮನೆ. ಹೊರಗಿಂದ ನೋಡಿ ನಾನೂ ಏನೇನೋ ಅಂದ್ಕೊಂಡೆ. ಒಳಗೆ ಹೋದ್ರೆ ರಾಶಿ ಸೀರೆ. ಮದುವೆಗೆ ಹೋಗೋರಿಗೆ ಮೊದಲೇ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಪಿನ್ ಹಾಕಿ ಮಡಿಸಿಕೊಡ್ತಾರಲ್ಲ, ಅದು. ಸೀರೆಗೆ ಮುನ್ನೂರು, ರೇಷ್ಮೆಗೆ ಐನೂರು."

"ಮನೆಯಲ್ಲೇ ಮಾಡ್ಬಹುದಿತ್ತಲ್ಲ?"

"ಅದೇ ಕೇಳ್ದೆ. 'ಊರವರು ಉಟ್ಟ ಸೀರೆ ನಮ್ಮತ್ತೆ ಹೊಸಿಲು ದಾಟಿಸ್ತಾರಾ, ಮೈಲಿಗೆ ಅಲ್ವಾ' ಅಂದ್ರು. ಸ್ಕೂಟರೂ ಅದ್ರಲ್ಲೇ, ಕಂತಲ್ಲಿ. ಕಸ್ಟಮರ್ ನಂಬರ್ ಎಲ್ಲ ಕೊಟ್ಟಿದಾರೆ, ಮಾತಾಡಿ ನೋಡ್ದೆ. ಸರಿ ಇದೆ."

ಹದಿನೆಂಟರ ಬುಧವಾರ ಕೆಂಚಪ್ಪ ರಾಜಾಜಿನಗರಕ್ಕೆ, ಬ್ರೋಕರ್ ಕಂಪನಿಯ ವಲಯ ಕಚೇರಿಗೆ ಹೋದರು. ಅಲ್ಲಿನ ಅಧಿಕಾರಿ ಮುರಳೀಕೃಷ್ಣ ಮೊದಲು ಕಾಫಿ ತರಿಸಿದ, ಆಮೇಲೆ ಕಂಪನಿಗೂ ಇದಕ್ಕೂ ಸಂಬಂಧವಿಲ್ಲ ಎಂದ, ನೋಟಿಸ್ ಕೈಗೆ ಬಂದ ಮೇಲೆ ಕಂಪ್ಯೂಟರ್ ತೆರೆದ.

"ಈ ಖಾತೆಯಿಂದ ಹಣ ಯಾರಿಗೆ ಹೋಗಿದೆ?"

"ಯಾರಿಗೂ ಹೋಗಿಲ್ಲ ಸಾರ್. ಒಂದು ರೂಪಾಯಿನೂ ಹೊರಗಡೆ ವರ್ಗಾವಣೆ ಆಗಿಲ್ಲ."

"ಮತ್ತೆ ಹನ್ನೆರಡೂ ಮುಕ್ಕಾಲು ಲಕ್ಷ?"

"ಚಾರ್ಜಸ್."

ಕೆಂಚಪ್ಪ ಪೆನ್ನು ಕೆಳಗಿಟ್ಟರು. "ನನಗೆ ತಿಳಿಯೋ ಹಾಗೆ ಹೇಳಿ."

"ಇದು ಫ್ಯೂಚರ್ಸ್ ಸಾರ್, ಮುಂದಿನ ತಾರೀಖಿನ ಬೆಲೆಗೆ ಈಗಲೇ ಕೊಂಡು ಮಾರೋದು. ಎರಡೂವರೆ ಲಕ್ಷ ಮಾರ್ಜಿನ್ ಅಂತ ಠೇವಣಿ ಇಟ್ರೆ ಸುಮಾರು ಹದಿನೆಂಟು ಲಕ್ಷದ ವ್ಯಾಪಾರ ಮಾಡ್ಬಹುದು."

"ಇರೋದಕ್ಕಿಂತ ಏಳು ಪಟ್ಟು. ಶುಲ್ಕ ಯಾವುದರ ಮೇಲೆ? ಎರಡೂವರೆ ಮೇಲೋ, ಹದಿನೆಂಟರ ಮೇಲೋ?"

"ಹದಿನೆಂಟರ ಮೇಲೆ."

"ಒಂದು ಸಲ?"

"ಬ್ರೋಕರೇಜ್, ಅಂದ್ರೆ ನಮ್ಮ ಕಮಿಷನ್, ಕೊಂಡಾಗ ಒಂದು ಸಲ, ಮಾರಿದಾಗ ಒಂದು ಸಲ. ಅದರ ಜತೆ ಸರ್ಕಾರದ ತೆರಿಗೆ, ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ, ಸ್ಟ್ಯಾಂಪು. ಕೊಂಡು ಮಾರಿದ್ರೆ ಒಂದು ಸುತ್ತಿಗೆ ಸಾವಿರದ ಎಂಟುನೂರು ಬೀಳತ್ತೆ."

"ಇವರ ಖಾತೆಯಲ್ಲಿ ದಿನಕ್ಕೆ ಎಷ್ಟು ಸುತ್ತು?"

"ಮೂರು. ಕೆಲವು ದಿನ ನಾಲ್ಕು, ಐದು."

"ಲಾಭ ಬಂತು ಅಂತ ಮೆಸೇಜು ಕಳಿಸಿದಾನೆ."

"ಬಂದಿದೆ ಸಾರ್, ಸುಳ್ಳಲ್ಲ. ವ್ಯಾಪಾರದಲ್ಲಿ ತೊಂಬತ್ತಾರು ಸಾವಿರ ಲಾಭಾನೇ. ಶುಲ್ಕ ಕಳೆಯದೆ ಹೇಳಿರೋ ಲೆಕ್ಕ ಅದು. ನಿಜ ಹೇಳ್ಬೇಕು ಅಂದ್ರೆ ಆ ಮನುಷ್ಯ ಕೆಟ್ಟದಾಗೇನೂ ಟ್ರೇಡ್ ಮಾಡಿಲ್ಲ."

ಕೆಂಚಪ್ಪನಿಗೆ ಊರಿನ ತಮ್ಮನ ನೆನಪಾಯಿತು. ಅವನು ಬೀನ್ಸ್ ಮೂಟೆ ಮಂಡಿಗೆ ಹಾಕಿದಾಗಲೆಲ್ಲ ಕಮಿಷನ್ನು, ಹಮಾಲಿ, ಲಗೇಜು ಎಂದು ಗೊಣಗುವುದುಂಟು. ಅದು ಬೆಳೆಗೆ ಒಂದು ಸಲದ ಮಾತು. ಅದೇ ಮೂಟೆಯನ್ನು ಇಳಿಸಿ, ಹತ್ತಿಸಿ, ದಿನಕ್ಕೆ ಮೂರು ಸಲ ಕೊಂಡು ಮಾರಿದರೆ ಬೀನ್ಸಿನ ಬೆಲೆ ಏರಿದರೂ ಮನೆಗೆ ವಾಪಸು ಬರುವುದು ಖಾಲಿ ಗೋಣಿಚೀಲ. ಸಾಲದ್ದಕ್ಕೆ ಇಲ್ಲಿ, ಒಂದು ಮೂಟೆ ಇದ್ದವರಿಗೆ ಏಳು ಮೂಟೆಯ ಹಮಾಲಿ ಹಾಕಿದ್ದರು.

"ಬ್ರೋಕರೇಜ್ ಯಾರಿಗೆ ಸೇರತ್ತೆ?"

ಮುರಳೀಕೃಷ್ಣ ಕಾಫಿ ಲೋಟವನ್ನು ಅತ್ತಿತ್ತ ಸರಿಸಿದ. "ಎಂಟು ಲಕ್ಷ ಬ್ರೋಕರೇಜ್. ಅದ್ರಲ್ಲಿ ನೂರಕ್ಕೆ ಎಪ್ಪತ್ತು ಏಜೆಂಟ್‌ಗೆ."

"ನಾಗಭೂಷಣ್‌ಗೆ."

"ಹೌದು ಸಾರ್. ಆದ್ರೆ ಗ್ರಾಹಕರ ಪರವಾಗಿ ಅವರು ಟ್ರೇಡ್ ಮಾಡೋ ಹಾಗಿಲ್ಲ. ಮಾಡ್ತಿದ್ದದ್ದು ನಮಗೆ ಗೊತ್ತಿಲ್ಲ."

"ದಿನಾ ಸಂಜೆ ಶುಲ್ಕದ ಬಿಲ್ಲು ಗ್ರಾಹಕರಿಗೆ ಕಳಿಸಲ್ವಾ?"

"ಇಮೇಲ್‌ಗೆ ಹೋಗತ್ತೆ." ಅವನು ತೋರಿಸಿದ ವಿಳಾಸದಲ್ಲಿ ಸತ್ಯವತಿಯ ಹೆಸರಿತ್ತು. ಆದರೆ ದೂರಿನಲ್ಲಿ ಬರೆದಿದ್ದ ವಿಳಾಸ ಅದಲ್ಲ. ಖಾತೆ ತೆರೆದಾಗ ಸರಿಯಾದದ್ದೇ ಇತ್ತು. ಬದಲಾದದ್ದು ಕಳೆದ ವರ್ಷ ಆಗಸ್ಟ್ ಹದಿಮೂರು, ಮಂಗಳವಾರ ಬೆಳಿಗ್ಗೆ. ಬದಲಾವಣೆಗೆ ಬೇಕಾದ ಓಟಿಪಿ ಹೋದದ್ದು ಸತ್ಯವತಿಯವರ ಫೋನಿಗೇ. ಅದನ್ನು ಆ ಮನೆಯಿಂದ ಯಾರೋ ಓದಿ ಹೇಳಿದ್ದರು.

ಯಾರೋ ಏನು, ದೀಪ್ತಿಯೇ. ಎಲ್ಲರ ಮಾತೂ ಅಲ್ಲಿಗೇ ಹೋಗುತ್ತಿತ್ತು. ನಾಗಭೂಷಣನೊಂದಿಗೆ ಅವಳೂ ಸೇರಿದ್ದಳೆಂದರೆ? ಬಸವಕಿರಣ್ ಹಾಗೆಯೇ ಹೇಳಿದ. ಕೆಂಚಪ್ಪ ಇಲ್ಲವೆನ್ನಲಿಲ್ಲ. ಅತ್ತೆ, ಸೊಸೆ ಇಬ್ಬರ ಫೋನುಗಳ ಆ ದಿನದ ಕರೆ ವಿವರ ಮತ್ತು ಟವರ್ ಮಾಹಿತಿಗೆ ಪತ್ರ ಬರೆದರು.

ವಿವರ ಹತ್ತೊಂಬತ್ತರ ಗುರುವಾರ ಬಂತು. ಸಂಜೆ ಕೆಂಚಪ್ಪ, ಕವನಾ ಮತ್ತೆ ಆ ಮನೆಗೆ ಹೋದರು. ಶ್ರೀರಾಮನೂ ಮನೆಯಲ್ಲಿದ್ದ. ಸೋಫಾದ ಅಂಚಿನಲ್ಲಿ, ಯಾರದೋ ಮನೆಗೆ ಬಂದವನಂತೆ ಕುಳಿತಿದ್ದ.

"ಹೋದ ವರ್ಷ ಆಗಸ್ಟ್ ಹದಿಮೂರು. ನೆನಪಿದೆಯಾ?"

ವರ್ಷದ ಹಿಂದಿನ ಒಂದು ಮಂಗಳವಾರ ಯಾರಿಗೆ ನೆನಪಿರುತ್ತದೆ?

"ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ದಿನ ಮುಂಚೆ," ಎಂದಳು ಕವನಾ.

"ಹೋದ ವರ್ಷ ನಾವು ಹಬ್ಬ ಮಾಡ್ಲಿಲ್ಲ," ಎಂದಳು ದೀಪ್ತಿ ತಟ್ಟನೆ. "ಸೂತಕ ಇತ್ತು. ಕೆಂಗೇರಿಯಲ್ಲಿ ದೊಡ್ಡಪ್ಪ ಹೋಗಿದ್ರಲ್ಲ. ನಾವಿಬ್ರೂ ಅಲ್ಲೇ ಇದ್ವಿ. ಅತ್ತೆಗೆ ಮಂಡಿ ನೋವು ಅಂತ ಇಲ್ಲೇ ಉಳ್ಕೊಂಡ್ರು."

ಶ್ರೀರಾಮ ತಲೆಯೆತ್ತಿದ. "ಹೌದು. ಹತ್ತು ದಿನ."

"ನಿಮ್ಮ ಸೊಸೆ ಫೋನು ಆ ಬೆಳಿಗ್ಗೆ ಕೆಂಗೇರಿ ಟವರಲ್ಲಿದೆ," ಎಂದರು ಕೆಂಚಪ್ಪ. "ನಿಮ್ಮ ಫೋನು ಇದೇ ಮನೇಲಿ. ಒಂಬತ್ತರ ಹೊತ್ತಿಗೆ ನಾಗಭೂಷಣ್ ಮಾಡಿದ ಕರೆ ನಾಲ್ಕು ನಿಮಿಷ ಇದೆ. ಸೂತಕದಲ್ಲಿ ಪೂಜೆ ಇರ್ಲಿಲ್ಲ, ಅಲ್ವಾಮ್ಮ?"

ಸತ್ಯವತಿ ಕುರ್ಚಿಯ ಕೈಯನ್ನು ಹಿಡಿದುಕೊಂಡರು. ಪೂಜೆಯಿಲ್ಲದ ಹತ್ತು ದಿನ ಮಡಿಯೂ ಇರಲಿಲ್ಲ. ಬೆಳಗಿನ ಹೊತ್ತು ಮಾಡಲು ಕೆಲಸವಿಲ್ಲದೆ ಪೇಪರು ಹಿಡಿದು ಹಜಾರದಲ್ಲಿ ಕುಳಿತಿರುತ್ತಿದ್ದರು. ಫೋನು ಬಡಿದುಕೊಂಡಿತ್ತು.

"ಎರಡು ಕೇಳಿದ," ಎಂದರು ಕೊನೆಗೆ. "'ಮಿಸ್, ಇವತ್ತು ಎರಡು ನಂಬರ್ ಬರತ್ತೆ, ಒಂದು ಮಾಮೂಲಿ, ಇನ್ನೊಂದು ಕೆವೈಸಿ ಅಪ್‌ಡೇಟು' ಅಂದ. ಕನ್ನಡಕ ಸಿಗ್ಲಿಲ್ಲ. 'ನಿಧಾನ ಮಿಸ್, ನಾನು ಕಾಯ್ತೀನಿ' ಅಂದ."

"ಆ ಎರಡನೇದು ಇಮೇಲ್ ಬದಲಾಯಿಸೋಕೆ. ಶುಲ್ಕದ ಬಿಲ್ಲು ನಿಮ್ಮ ಕಣ್ಣಿಗೆ ಬೀಳ್ಬಾರ್ದು ಅಂತ."

"ನಾನೇ ಹೇಳಿದ್ದು," ಎಂದರು ಸತ್ಯವತಿ.

ಕವನಾ ಮರುಹೇಳಿಕೆ ಬರೆದುಕೊಳ್ಳಲು ಕಾಗದ ತೆಗೆದಳು. ಅಷ್ಟು ಹೊತ್ತು ನಿಂತೇ ಇದ್ದ ದೀಪ್ತಿ ಆಗ ಕುಳಿತಳು.

"ಪೂರ್ತಿ ಬರ್ಕೊಳ್ಳಿ ಮೇಡಂ," ಎಂದಳು. "ಮೊದಲು ಯಾರ ಹೆಸರು ಹೇಳಿದ್ರು, ಯಾಕೆ ಹೇಳಿದ್ರು, ಅದೂ ಬರ್ಕೊಳ್ಳಿ. ನನ್ನನ್ನ ತೌರಿಗೆ ಕಳಿಸು ಅಂದಿದ್ದೂ ಬರ್ಕೊಳ್ಳಿ."

"ದೀಪ್ತಿ," ಎಂದ ಶ್ರೀರಾಮ.

"ನೀವು ಮೂರು ದಿನದಿಂದ ಮಾತಾಡಿಲ್ಲ. ಈಗಲೂ ಬೇಡ ಬಿಡಿ."

ಸತ್ಯವತಿ ಸೊಸೆಯ ಮುಖ ನೋಡದೆ ಹೇಳಿದರು: "ಬರ್ಕೊಳ್ಳಮ್ಮ. ಅವಳು ಹೇಳಿದ ಹಾಗೇ ಬರ್ಕೊ."

ಇಪ್ಪತ್ತರ ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಕೆಂಚಪ್ಪ, ಬಸವಕಿರಣ್ ಮತ್ತು ಇಬ್ಬರು ಪಂಚರು ಸುಂಕದಕಟ್ಟೆಯ ಔಷಧಿ ಅಂಗಡಿಯ ಎದುರಿನ ದರ್ಶಿನಿಯಲ್ಲಿದ್ದರು. ಪಂಚರಲ್ಲಿ ಒಬ್ಬ ಪಕ್ಕದ ಬೀದಿಯ ಹಾರ್ಡ್‌ವೇರ್ ಅಂಗಡಿಯವನು. ಅವನು ಇಡ್ಲಿ ಬಿಟ್ಟು ಗಡಿಯಾರ ನೋಡುತ್ತಿದ್ದ. ನಾಗಭೂಷಣ್ ಬೈಕ್ ನಿಲ್ಲಿಸಿ, ಆಫೀಸಿನ ಶಟರ್ ಎತ್ತಿ, ಊದುಬತ್ತಿ ಹಚ್ಚಿದ್ದು ಅಲ್ಲಿಂದಲೇ ಕಂಡಿತು.

ಚಂದ್ರಾ ಲೇಔಟಿನಲ್ಲಿ ಕವನಾ ದೀಪ್ತಿಯ ಪಕ್ಕ ನಿಂತಿದ್ದಳು. ಒಂಬತ್ತಾಗುತ್ತಿದ್ದಂತೆ ಫೋನ್ ಬಂತು.

"ತಿಂಡಿ ಆಯ್ತಾ ಮೇಡಂ?" ಎಂದ ನಾಗಭೂಷಣ್. "ನಂಬರ್ ಬಂತಾ?"

"ಬಂತು. ಬರ್ಕೊಳ್ಳಿ," ಎಂದಳು ದೀಪ್ತಿ. ಅವಳ ದನಿಯಲ್ಲಿ ಏನೂ ಇರಲಿಲ್ಲ. ಆರೂ ಅಂಕಿ ಬಿಡಿಬಿಡಿಯಾಗಿ ಹೇಳಿದಳು. ಕವನಾ ಇನ್ನೊಂದು ಫೋನಿನಲ್ಲಿ ಬಸವಕಿರಣನಿಗೆ ಹೇಳಿದಳು: "ಕೊಟ್ಟಾಯ್ತು."

ದರ್ಶಿನಿಯಲ್ಲಿದ್ದವರು ಮೆಟ್ಟಿಲು ಹತ್ತಿ ಆಫೀಸಿನೊಳಗೆ ಹೋದಾಗ ಲ್ಯಾಪ್‌ಟಾಪಿನ ಪರದೆಯ ಮೇಲೆ ಸತ್ಯವತಿಯ ಖಾತೆ ತೆರೆದಿತ್ತು. ನಾಗಭೂಷಣ್ ಎದ್ದು ನಿಂತು, ಮೊದಲು ಪಂಚರನ್ನು, ಆಮೇಲೆ ಕೆಂಚಪ್ಪನನ್ನು ನೋಡಿದ.

"ಸಾರ್, ನೀವು? ಕೂತ್ಕೊಳ್ಳಿ."

"ಯಾರ ಖಾತೆ ಅದು?"

"ಮಿಸ್‌ದು. ಅವರೇ ಒಪ್ಪಿ ಓಟಿಪಿ ಕೊಟ್ಟಿದಾರೆ ಸಾರ್."

"ಮಂಗಳವಾರ ಅವರ ಸೊಸೆ ಕಳ್ಳಿ ಅನ್ನೋ ಹಾಗೆ ಹೇಳಿದ್ರಿ. ಆ ಬೆಳಿಗ್ಗೆ, ಮಾರನೇ ಬೆಳಿಗ್ಗೆ, ನಿನ್ನೆ, ಇವತ್ತು. ನಾಲ್ಕು ದಿನ ಅವರ ಹತ್ತಿರಾನೇ ಕೇಳಿದೀರಿ. ಭಯ ಆಗ್ಲಿಲ್ವಾ?"

ನಾಗಭೂಷಣ್ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ, ಬಸವಕಿರಣ್ ಅದನ್ನು ತನ್ನತ್ತ ಎಳೆದುಕೊಂಡ.

ಲ್ಯಾಪ್‌ಟಾಪು, ಎರಡು ಫೋನುಗಳು ಪಂಚನಾಮೆಯಡಿ ವಶವಾದವು. ಆ ಲ್ಯಾಪ್‌ಟಾಪಿನಲ್ಲೇ ಸತ್ಯವತಿಯ ಹೆಸರಿನ ಸುಳ್ಳು ಇಮೇಲ್ ತೆರೆದಿತ್ತು. ಅಂಥವೇ ಇನ್ನೂ ಒಂಬತ್ತು ಜನರ ಹೆಸರಿನವು ಇದ್ದವು. ಲಗ್ಗೆರೆಯ ಕಾರ್ಖಾನೆ ನೌಕರರು, ಜಮೀನು ಮಾರಿದವರು, ಇನ್ನೊಬ್ಬ ನಿವೃತ್ತ ಮೇಷ್ಟರು. ದಲ್ಲಾಳಿಯಾಗಿ ನಂಬಿಕೆ ದ್ರೋಹ ಎಸಗಿದ ಕಲಮನ್ನು ಸೇರಿಸಿ, ಹತ್ತೂವರೆಗೆ ಅವನನ್ನು ಬಂಧಿಸಲಾಯಿತು. ಅವನ ಹೆಂಡತಿಗೆ ವಿಷಯ ತಿಳಿಸಿದ್ದು ಬಸವಕಿರಣ್.

ಮಧ್ಯಾಹ್ನ ಸತ್ಯವತಿ ಮತ್ತು ದೀಪ್ತಿ ಠಾಣೆಗೆ ಬಂದರು. ಹೇಳಿಕೆಗಳಿಗೆ ಸಹಿ ಆಗಬೇಕಿತ್ತು. ಆರೋಪಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಮೊದಲು ಎರಡು ನಿಮಿಷ ಮಾತಾಡಬಹುದೇ ಎಂದು ಸತ್ಯವತಿ ಕೇಳಿದರು. ಕೆಂಚಪ್ಪ ತಾವೂ ಅಲ್ಲೇ ನಿಂತರು.

ನಾಗಭೂಷಣ್ ಬೆಂಚಿನಿಂದ ಎದ್ದ. ಪಾದ ಮುಟ್ಟಲು ಬಗ್ಗಿದವನನ್ನು ಆಕೆ ಕೈಯಲ್ಲೇ ತಡೆದರು.

"ಯಾಕೋ?"

"ಮಿಸ್, ನೀವಿದ್ದ ಜಾಗದಲ್ಲಿ ನಾನು ಆರು ವರ್ಷ ಇದ್ದೆ." ಅವನ ದನಿ ಸಣ್ಣದಾಗಿತ್ತು. "ಲಗ್ಗೆರೇಲಿ ಅಪ್ಪಂದು ಸೈಟಿತ್ತು. ಮಾರಿಸಿ ಟ್ರೇಡಿಂಗಿಗೆ ಹಾಕ್ದೆ. ಹತ್ತು ಸಲಕ್ಕೆ ಆರು ಸಲ ನಾನು ಹೇಳಿದ ಕಡೇನೇ ಹೋಗ್ತಿತ್ತು ಮಾರ್ಕೆಟ್ಟು. ಆದ್ರೂ ಸೈಟು ಕರಗಿಹೋಯ್ತು. ಎಲ್ಲಿಗೆ ಹೋಯ್ತು ಅಂತ ಹುಡುಕ್ದೆ. ಮಾರ್ಕೆಟ್ ತಗೊಂಡಿರ್ಲಿಲ್ಲ. ಕೊಂಡಾಗ ಚೂರು, ಮಾರಿದಾಗ ಚೂರು. ಬ್ರೋಕರ್ ಆಫೀಸಲ್ಲಿತ್ತು. ಅದಕ್ಕೇ ಆಫೀಸೇ ತೆಗೆದೆ."

"ಸರಿ. ನನ್ನದು ಎಲ್ಲಿ?"

ಕೆಂಚಪ್ಪ ಹೇಳಿದರು: "ಇವನ ಹೆಂಡತಿ ಹೆಸರಲ್ಲಿ ಇನ್ನೊಂದು ಕಂಪನೀಲಿ ಖಾತೆ ಇದೆಯಮ್ಮ. ನಿಮ್ಮೆಲ್ಲರ ಬ್ರೋಕರೇಜಲ್ಲಿ ಬಂದಿದ್ದನ್ನ ಇವನು ಅಲ್ಲಿ ಹಾಕಿದಾನೆ. ಅದೇ ವ್ಯಾಪಾರ, ದಿನಕ್ಕೆ ಏಳೆಂಟು ಸುತ್ತು. ಅಲ್ಲೂ ಶುಲ್ಕಕ್ಕೇ ಹೋಗಿದೆ. ಮೂರು ಲಕ್ಷ ಉಳಿದಿದ್ರೆ ಹೆಚ್ಚು."

"ಶುಲ್ಕ ತಿನ್ನತ್ತೆ ಅಂತ ಗೊತ್ತಿದ್ದೂ?" ಎಂದಳು ದೀಪ್ತಿ.

"ಗೊತ್ತಿದ್ದೂ ಮೇಡಂ. ನನ್ನ ಲೆಕ್ಕ ತಪ್ಪಾಗಿದ್ರೆ ಯಾವತ್ತೋ ಬಿಟ್ಬಿಡ್ತಿದ್ದೆ. ತಪ್ಪಾಗಲ್ಲ. ಅದಕ್ಕೇ ಬಿಡೋಕಾಗಲ್ಲ."

"ನನ್ನ ಹೆಸರು ಯಾಕೆ ತಂದ್ರಿ?"

"ಅನುಮಾನ ಮನೆಯೊಳಗಿದ್ರೆ ಹೊರಗಡೆ ಯಾರೂ ನೋಡಲ್ಲ," ಎಂದ ಅವನು, ನೆಲ ನೋಡುತ್ತ.

"ದಿನಾ ತಿಂಡಿ ಆಯ್ತಾ ಅಂತ ಕೇಳ್ತಿದ್ರಿ," ಎಂದಳು ದೀಪ್ತಿ. "ನಮ್ಮನೇಲಿ ಅದನ್ನ ಕೇಳ್ತಿದ್ದದ್ದು ನೀವೊಬ್ರೇ."

ಸತ್ಯವತಿ ಸೊಸೆಯ ಕಡೆ ತಿರುಗಿದರು. "ನಡಿ, ಮನೆಗೆ ಹೋಗೋಣ," ಎಂದರು.

"ನೀವು ಆಟೊದಲ್ಲಿ ಹೋಗಿ ಅತ್ತೆ. ಗಿರಾಕಿದು ನಾಲ್ಕು ಸೀರೆ ಇದೆ, ನಾಳೆ ಮದುವೆಗೆ ಕೊಡ್ಬೇಕು. ನಾಳೆಯಿಂದ ಮನೇಲೇ ಮಾಡ್ತೀನಿ, ಹಜಾರದಲ್ಲಿ."

ಸತ್ಯವತಿ ತಲೆಯಾಡಿಸಿದರು. ದೀಪ್ತಿ ಅವರನ್ನು ಆಟೊ ಹತ್ತಿಸಿ, ತಾನು ವಿಜಯನಗರದ ಕಡೆ ಹೊರಟಳು.

ಜೀಪು ಹತ್ತುವಾಗ ನಾಗಭೂಷಣ್ ಬಸವಕಿರಣನ ಕಿವಿಯ ಹತ್ತಿರ ಬಗ್ಗಿದ. "ಅಣ್ಣ, ಒಂದೇ ಒಂದು. ನಿನ್ನೆ ತಗೊಂಡಿದ್ದು ಇನ್ನೂ ಹಾಗೇ ಇದೆ. ನಿಫ್ಟಿ ಮೇಲಿದೆಯಾ ಕೆಳಗಿದೆಯಾ, ಅಷ್ಟು ಹೇಳಿಬಿಡಿ."

ಬಸವಕಿರಣ್ ಕೆಂಚಪ್ಪನ ಮುಖ ನೋಡಿದ. ಕೆಂಚಪ್ಪ ಮುಂದಿನ ಸೀಟಿಗೆ ಹತ್ತಿ ಕುಳಿತರು. ಬಸವಕಿರಣ್ ತನ್ನ ಫೋನ್ ತೆಗೆದು ನೋಡಿದ.

"ಮೇಲಕ್ಕೆ ಹೋಗಿದೆ ಕಣಯ್ಯ."

ನಾಗಭೂಷಣನ ಮುಖ ಅರಳಿತು. "ನಾನು ಹೇಳಿರ್ಲಿಲ್ವಾ," ಎಂದ ಅವನು, ಅಲ್ಲಿದ್ದ ಯಾರಿಗೂ ಅವನು ಏನನ್ನೂ ಹೇಳಿರಲಿಲ್ಲವಾದರೂ. ಜೀಪು ಮಾಗಡಿ ರಸ್ತೆಗೆ ಇಳಿದು ಟ್ರಾಫಿಕ್ಕಿನಲ್ಲಿ ನಿಂತಿತು. ಅವನು ಆ ಖುಷಿಯನ್ನು ಮುಚ್ಚಿಡಲು ಹೊರಗೆ ನೋಡುತ್ತ ಕುಳಿತ.